ದೂರದೃಷ್ಟಿ ಬರೆದುಕೊಂಡು ಬನ್ನಿ ಅಂದರು. ಹಾಲಿನ ಸಂಘದ ಅಧ್ಯಕ್ಷೆ ಏನು ಬರೆಯಬೇಕು?

ಹಟ್ಟಿಬಾಗಿಲು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಮೂರು ತಿಂಗಳ ಹಿಂದೆ ಅಧ್ಯಕ್ಷೆಯಾಗಿದ್ದೇನೆ. ಹಾಸನದ ಕಡೆಯ ಚಿಕ್ಕ ಊರು. ಮನೆಯಲ್ಲಿ ಮೂರು ಎಚ್‌ಎಫ್ ತಳಿಯ ಹಸು ಇವೆ. ಓದಿದ್ದು ಪಿಯುಸಿ. ಸಂಘ ನಡೆಸಿದ ಅನುಭವ ಇಲ್ಲ.

ಹೋದ ವಾರ ಹೊಸ ಅಧ್ಯಕ್ಷರಿಗೆ ಎರಡು ದಿನ ತರಬೇತಿ ಇತ್ತು. ಕೊನೆಗೆ, "ಐದು ವರ್ಷ ಸಂಘ ನಿಮ್ಮ ಕೈಯಲ್ಲಿರುತ್ತದೆ, ನಿಮ್ಮ ದೂರದೃಷ್ಟಿ ಏನು ಅಂತ ಬರೆದುಕೊಂಡು ಬನ್ನಿ" ಅಂದರು. ಮನೆಗೆ ಬಂದು ಬರೆದೆ: "ಗುಣಮಟ್ಟದ ಹಾಲು, ಸದಸ್ಯರ ಏಳಿಗೆ, ಪಾರದರ್ಶಕ ಆಡಳಿತ." ಅತ್ತೆಗೆ ಓದಿ ಹೇಳಿದೆ. ಅವರು ಸಂಘ ಶುರುವಾದಾಗಿನಿಂದ ಹಾಲು ಹಾಕುತ್ತಿರುವವರು. "ಇದು ಎಲ್ಲ ಊರಿನ ಡೇರಿ ಗೋಡೆ ಮೇಲೂ ಇರೋದೇ ಅಲ್ವಾ?" ಅಂದರು. ನನಗೆ ಮಾತೇ ಹೊರಡಲಿಲ್ಲ.

ಇದರ ಮಧ್ಯೆ ಸಂಘದಲ್ಲಿ ಜಗಳ ಬೇರೆ. ಈ ಸಲ ಸ್ವಲ್ಪ ಲಾಭ ಬಂದಿದೆ. ಅರ್ಧ ಜನ ಅಷ್ಟನ್ನೂ ಗೌರಿ ಹಬ್ಬಕ್ಕೆ ಬೋನಸ್ ಹಂಚಿ ಅನ್ನುತ್ತಾರೆ. ಇನ್ನರ್ಧ ಜನ ಸ್ವಂತ ಕಟ್ಟಡಕ್ಕೆ ಎತ್ತಿಡಿ ಅನ್ನುತ್ತಾರೆ. ಯಾರ ಪರ ಮಾತಾಡಿದರೂ ಇನ್ನೊಬ್ಬರಿಗೆ ಸಿಟ್ಟು. ಪಟ್ಟಿಯಲ್ಲಿ 164 ಸದಸ್ಯರಿದ್ದೇವೆ. ಈಗ ಹಾಲು ಹಾಕುವವರು 97. ಶುರುವಿನಲ್ಲಿ 131 ಜನ ಹಾಕುತ್ತಿದ್ದರಂತೆ.

ನಮ್ಮಂಥ ಸಣ್ಣ ಸಂಘಕ್ಕೆ ದೂರದೃಷ್ಟಿ ನಿಜವಾಗಿ ಬೇಕಾ? ಬೇಕಾದರೆ ಅದು ಹೇಗಿರಬೇಕು? ತಿಳಿದವರು ಹೇಳಿ.

ಕ್ಯಾನ್‌ಗಾಡಿ

ಅಕ್ಕ, ನಾನು ಮಂಡ್ಯದ ಕಡೆ ಒಂದು ಸಂಘದಲ್ಲಿ ಹದಿನಾಲ್ಕು ವರ್ಷದಿಂದ ಸೆಕ್ರೆಟರಿ. ದೂರದ್ದು ಆಮೇಲೆ ನೋಡೋಣ, ಮೊದಲು ಹತ್ತಿರದ್ದು ನೋಡಿ. ಹಾಲಿನ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ತೋರಿಸುವ ಮೆಷಿನ್ ಹಾಲು ಹಾಕುವವರಿಗೆ ಕಾಣುವ ಹಾಗಿದೆಯಾ? ಬಟವಾಡೆ ಹೇಳಿದ ದಿನವೇ ಖಾತೆಗೆ ಬೀಳುತ್ತಾ? ಹಿಂಡಿ, ಬೂಸಾ ಬೇಕಾದಾಗ ಸಿಗುತ್ತಾ? ಇವಿಷ್ಟು ಸರಿ ಇದ್ದರೆ ಜನ ನಿಮ್ಮ ಹಿಂದೆ ಇರುತ್ತಾರೆ. ಇಲ್ಲದಿದ್ದರೆ ಗೋಡೆ ಮೇಲೆ ಚಿನ್ನದ ಅಕ್ಷರದಲ್ಲಿ ಬರೆಸಿದರೂ ಪ್ರಯೋಜನ ಇಲ್ಲ.

ಕೋಲಾರದವ

@ಕ್ಯಾನ್‌ಗಾಡಿ ಅಣ್ಣ, ಅದನ್ನು ಒಪ್ಪುತ್ತೇನೆ. ಆದರೆ ಅಷ್ಟೇ ಸಾಕು ಅನ್ನುವುದನ್ನು ಒಪ್ಪಲ್ಲ. ಬಟವಾಡೆ ಸರಿಯಾಗಿ ಮಾಡುವವನು ಒಳ್ಳೆಯ ಸೆಕ್ರೆಟರಿ. ಸಂಘ ಎಲ್ಲಿಗೆ ಹೋಗಬೇಕು ಅಂತ ಹೇಳಲು ಬೇರೆ ಒಬ್ಬರು ಬೇಕು. 1946ರಲ್ಲಿ ಕುರಿಯನ್ ಅಮುಲ್ ಕಟ್ಟಿದಾಗ ಬರೀ ಬಟವಾಡೆ ನೋಡಿಕೊಂಡು ಕೂತಿದ್ದರೆ ಇವತ್ತು ನಮ್ಮ ನಂದಿನಿಯೂ ಇರುತ್ತಿರಲಿಲ್ಲ.

ಓದುಗೂಡು

@ಕೋಲಾರದವ ಒಂದು ತಿದ್ದುಪಡಿ. 1946ರಲ್ಲಿ ಕುರಿಯನ್ ಅಮುಲ್ ಹುಟ್ಟಿದ ಗುಜರಾತಿನ ಆನಂದ್‌ನಲ್ಲೇ ಇರಲಿಲ್ಲ. ಅವರು ಬಂದಿದ್ದು 1949ರಲ್ಲಿ, ಸರ್ಕಾರಿ ಕೆಲಸದ ಮೇಲೆ. ಸಂಘ ಕಟ್ಟಿದವರು ತ್ರಿಭುವನದಾಸ್ ಪಟೇಲರು. ಖೇಡಾ ಜಿಲ್ಲೆಯ ಹಾಲನ್ನೆಲ್ಲ ಪೋಲ್ಸನ್ ಅನ್ನುವ ಒಂದೇ ಕಂಪನಿ ಎತ್ತುತ್ತಿತ್ತು. ಲಾಭ ಕಂಪನಿಗೂ ದಲ್ಲಾಳಿಗಳಿಗೂ ಹೋಗುತ್ತಿತ್ತು, ರೈತನಿಗೆ ಸಿಗುತ್ತಿದ್ದುದು ಕಡಿಮೆ. ರೈತರು ಸರ್ದಾರ್ ಪಟೇಲರ ಹತ್ತಿರ ಹೋದಾಗ ಅವರು ಕೊಟ್ಟ ಸಲಹೆ: ನಿಮ್ಮದೇ ಸಹಕಾರ ಸಂಘ ಮಾಡಿಕೊಳ್ಳಿ, ಹಾಲನ್ನು ನೀವೇ ಮಾರಿ. ರೈತರು ಹದಿನೈದು ದಿನ ಹಾಲು ಕೊಡದೆ ಮುಷ್ಕರ ಮಾಡಿದರು. ಡಿಸೆಂಬರ್ 1946ರಲ್ಲಿ ಜಿಲ್ಲಾ ಒಕ್ಕೂಟ ನೋಂದಣಿಯಾಯಿತು. ಶುರುವಾಗಿದ್ದು ಎರಡು ಹಳ್ಳಿಯ ಸಂಘಗಳಿಂದ, ದಿನಕ್ಕೆ ಸುಮಾರು 250 ಲೀಟರ್ ಹಾಲಿನಿಂದ.

ಇದನ್ನು ಯಾಕೆ ಇಷ್ಟು ಉದ್ದ ಬರೆದೆ ಅಂದರೆ, ಆ 250 ಲೀಟರ್ ನಿಮ್ಮ ಸಂಘದ ಹಾಲಿಗಿಂತ ಕಡಿಮೆಯೇ ಇದ್ದೀತು. ಸಣ್ಣ ಸಂಘ, ನಮಗೆ ಯಾಕೆ ಅನ್ನಬೇಡಿ.

ಕೋಲಾರದವ

ಸರಿ, ವರ್ಷ ತಪ್ಪಿದೆ, ತಿದ್ದಿದ್ದಕ್ಕೆ ಧನ್ಯವಾದ. ಆದರೆ ಮಾತು ಅದೇ ಅಲ್ವಾ? ಹಾಲು ಕರೆಯುವವನೇ ಮಾಲೀಕ ಆಗಬೇಕು ಅಂತ ಯಾರೋ ಒಬ್ಬರು ಮೊದಲೇ ಕಂಡರು.

ಓದುಗೂಡು

ಹೌದು. ಆ ಒಂದು ಮಾತಿನಿಂದಲೇ ಮುಂದಿನ ತೀರ್ಮಾನಗಳೆಲ್ಲ ಬಂದವು. ಚಳಿಗಾಲದಲ್ಲಿ ಎಮ್ಮೆ ಹಾಲು ಹೆಚ್ಚಾಗುತ್ತಿತ್ತು, ಅಷ್ಟನ್ನೂ ಮುಂಬೈ ಕೊಳ್ಳುತ್ತಿರಲಿಲ್ಲ. ಮಾಲೀಕ ರೈತನೇ ಆದಮೇಲೆ "ಇವತ್ತು ನಿನ್ನ ಹಾಲು ಬೇಡ" ಅನ್ನಲು ಬರುತ್ತಾ? ಹಾಗಾಗಿ ಮಿಕ್ಕ ಹಾಲನ್ನು ಪುಡಿ ಮಾಡಲೇಬೇಕಾಯಿತು. ಎಮ್ಮೆ ಹಾಲಿನಿಂದ ಪುಡಿ ಆಗುವುದಿಲ್ಲ ಅಂತ ಹೊರದೇಶದ ತಜ್ಞರು ಹೇಳುತ್ತಿದ್ದರು. ಕುರಿಯನ್ ಜೊತೆಗಿದ್ದ ಡೇರಿ ತಂತ್ರಜ್ಞ ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಆನಂದ್‌ನಲ್ಲಿ ಪುಡಿ ಕಾರ್ಖಾನೆ ಶುರುವಾಯಿತು. ಒಬ್ಬರು ಹಳ್ಳಿ ಹಳ್ಳಿ ಸುತ್ತಿ ಸಂಘ ಕಟ್ಟಿದರು, ಒಬ್ಬರು ನಡೆಸಿದರು, ಒಬ್ಬರು ಮೆಷಿನ್ ಮಾಡಿಸಿದರು. ದೂರದೃಷ್ಟಿ ಒಬ್ಬ ದೊಡ್ಡ ಮನುಷ್ಯನ ತಲೆಯಲ್ಲಿ ಮಾತ್ರ ಇರುತ್ತದೆ ಅನ್ನುವುದನ್ನು ನಾನು ಒಪ್ಪಲ್ಲ.

ಬೆಣ್ಣೆಮುರುಕು

ಕುರಿಯನ್ ಅವರಿಗೆ ಹಾಲು ಕುಡಿಯುವುದೇ ಇಷ್ಟ ಇರಲಿಲ್ಲ. ಅವರೇ ಹೇಳಿಕೊಂಡಿದ್ದಾರೆ.

ಗದಗಿನ ಗಾಳಿ

ಸಹಕಾರದ ಮಾತು ಬಂದ ಮೇಲೆ ನಮ್ಮ ಕಣಗಿನಹಾಳ ಬಿಟ್ಟರೆ ಹೆಂಗ? 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗ ಹತ್ತಿರದ ಕಣಗಿನಹಾಳದಾಗ ಕೃಷಿ ಪತ್ತಿನ ಸಂಘ ತೆರೆದರು. ದೇಶದಾಗ ಮೊದಲನೇದು ಅದು. ಸಾಲಕ್ಕೆ ಸಾಹುಕಾರನ ಮನಿ ಬಾಗಿಲಿಗೆ ರೈತ ಹೋಗಬಾರದು ಅನ್ನೋದೇ ಅವರ ಗುರಿ. ಒಂದು ಸಾಲಿನಾಗ ಮುಗೀತು ನೋಡ್ರಿ.

ಕ್ಯಾನ್‌ಗಾಡಿ

ಎಲ್ಲರೂ ದೊಡ್ಡ ದೊಡ್ಡ ಕಥೆ ಹೇಳುತ್ತಿದ್ದೀರಿ. ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ಊರು, ಹೆಸರು ಬೇಡ. ನಮ್ಮ ಪಕ್ಕದ ಒಂದು ಸಂಘದ ಅಧ್ಯಕ್ಷರಿಗೆ ಭಾರಿ ದೂರದೃಷ್ಟಿ. ಎರಡು ಅಂತಸ್ತಿನ ಕಟ್ಟಡ, ಕೆಳಗೆ ಡೇರಿ, ಮೇಲೆ ಮದುವೆ ಹಾಲ್, ಅದರ ಬಾಡಿಗೆಯಲ್ಲೇ ಸಂಘ ನಡೆಯುತ್ತದೆ ಅಂತ. ಸಾಲ ತಂದರು. ಕಂಬ ಎದ್ದಿತು, ಮೋಲ್ಡ್ ಬಿತ್ತು, ದುಡ್ಡು ಮುಗಿಯಿತು. ಹಾಲಿನ ಬಟವಾಡೆ ಎರಡು ತಿಂಗಳು ತಡವಾಯಿತು. ದಿನಾ ಬೆಳಿಗ್ಗೆ ಹಾಲು ಹಾಕಿ ಅದರಲ್ಲೇ ಮಕ್ಕಳ ಫೀಸು ಕಟ್ಟುವ ಹೆಂಗಸರು ಎಷ್ಟು ದಿನ ಕಾಯುತ್ತಾರೆ? ಖಾಸಗಿ ಡೇರಿ ಗಾಡಿ ಊರೊಳಗೆ ಬಂತು, ಅರ್ಧ ಹಾಲು ಅಲ್ಲಿಗೆ ಹೋಯಿತು. ಈಗಲೂ ಆ ಕಂಬಗಳಿಂದ ಕಬ್ಬಿಣದ ಸರಳು ಆಕಾಶ ನೋಡುತ್ತಿವೆ. ಅದಕ್ಕೇ ನನಗೆ ಈ ಪದ ಕೇಳಿದರೆ ಹೆದರಿಕೆ.

ಅಡಿಕೆಸಿಪ್ಪೆ

@ಕ್ಯಾನ್‌ಗಾಡಿ ಅಣ್ಣ, ಅವರಿಗೆ ಇದ್ದದ್ದು ಕಟ್ಟಡದ ಆಸೆ. ಅದನ್ನು ದೂರದೃಷ್ಟಿ ಅಂತ ಯಾಕೆ ಕರೆಯುತ್ತೀರಿ? ಆ ಮದುವೆ ಹಾಲ್ ಬಂದರೆ ಹಾಲು ಹಾಕುವವಳ ಬದುಕಲ್ಲಿ ಏನು ಬದಲಾಗುತ್ತದೆ ಅಂತ ಯಾರೂ ಕೇಳಲಿಲ್ಲ.

ನಮ್ಮ ಪುತ್ತೂರಿನ ಕಡೆಯ ಉದಾಹರಣೆ ಕೊಡುತ್ತೇನೆ. ಅಡಿಕೆ ಬೆಲೆ ಬಿದ್ದು ಬೆಳೆಗಾರರು ಒದ್ದಾಡುತ್ತಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಕ್ಯಾಂಪ್ಕೊ ಅನ್ನುವ ಬೆಳೆಗಾರರ ಸಹಕಾರ ಸಂಘ ಕಟ್ಟಿದರು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿದ್ದರು. ಅಡಿಕೆ ತೋಟದ ನಡುವೆ ಜನ ಕೊಕ್ಕೋ ಹಾಕಿದ್ದರು. ಆಮೇಲೆ ಕೊಕ್ಕೋ ಬೆಲೆ ಕುಸಿಯಿತು, ಕೊಳ್ಳುವವರೇ ಇಲ್ಲದ ಹಾಗಾಯಿತು. ಕೆಲವರು ಗಿಡ ಕಡಿದೇ ಹಾಕಿದರು. ಆಗ ಕ್ಯಾಂಪ್ಕೊ ಕೊಕ್ಕೋ ಕೊಳ್ಳಲು ಇಳಿಯಿತು. ಕೊಂಡಿದ್ದನ್ನು ಏನು ಮಾಡುವುದು? 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಎದ್ದಿತು. ಅಡಿಕೆ ಬೆಳೆಗಾರರ ಸಂಘ ಚಾಕೊಲೇಟ್ ಮಾಡುವುದು ಅಂದರೆ ಆಗಿನ ಕಾಲಕ್ಕೆ ಯೋಚಿಸಿ! ಅದೂ ದೊಡ್ಡ ಕಟ್ಟಡವೇ. ಆದರೆ ಬೆಳೆಗಾರನ ಬೆಳೆ ಕೊಳೆಯಬಾರದು ಅಂತ ಎದ್ದ ಕಟ್ಟಡ.

ಕೀಲಿಗಡಿಯಾರ

ಸ್ವಲ್ಪ ಬೇರೆ ವಿಷಯ, ಆದರೂ ಸಂಬಂಧ ಇದೆ. ಅಜ್ಜನ ಎಚ್‌ಎಂಟಿ ವಾಚು ಇವತ್ತಿಗೂ ನನ್ನ ಕೈಯಲ್ಲಿದೆ, ದಿನಾ ಕೀಲಿ ಕೊಡುತ್ತೇನೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿದಾಗ, ಸಾಮಾನ್ಯ ಮನುಷ್ಯನ ಕೈಗೂ ನಮ್ಮ ದೇಶದ ವಾಚು ಅನ್ನುವುದು ಎಂಥ ಕನಸು! ನೆರವೇರಿತು ಕೂಡ. ಮದುವೆಗೆ ಎಚ್‌ಎಂಟಿ, ಎಸ್‌ಎಸ್‌ಎಲ್‌ಸಿ ಪಾಸಾದರೆ ಎಚ್‌ಎಂಟಿ. ಆಮೇಲೆ ಕೀಲಿ ಬೇಡದ, ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಸ್ ವಾಚು ಬಂತು. 1984ರಲ್ಲಿ ಹುಟ್ಟಿದ ಟೈಟಾನ್ ಅದನ್ನೇ ಹಿಡಿದು, ಹೊಸೂರಿನಲ್ಲಿ ಕಾರ್ಖಾನೆ ಹಾಕಿ, ವಾಚನ್ನು ಒಡವೆಯ ಹಾಗೆ ಅಂಗಡಿಯಲ್ಲಿಟ್ಟು ಮಾರಿತು. 2016ರಲ್ಲಿ ಎಚ್‌ಎಂಟಿ ವಾಚಿನ ಕಂಪನಿ ಮುಚ್ಚುವ ತೀರ್ಮಾನ ಆಯಿತು. ಅವತ್ತು ನನಗೆ ಅಜ್ಜ ಮತ್ತೊಮ್ಮೆ ತೀರಿಕೊಂಡ ಹಾಗೆ ಆಯಿತು. ಮುಂದೆ ನೋಡದಿದ್ದರೆ ಹೀಗೆ.

ಜಾಲಹಳ್ಳಿ ಬಸ್ಸು

@ಕೀಲಿಗಡಿಯಾರ ಮುಂದೆ ನೋಡಲಿಲ್ಲ ಅನ್ನುವುದು ಅನ್ಯಾಯ. ಎಚ್‌ಎಂಟಿ 1980ರ ದಶಕದ ಶುರುವಿನಲ್ಲೇ ಕ್ವಾರ್ಟ್ಸ್ ವಾಚು ಮಾಡಿತ್ತು, ಟೈಟಾನ್ ಬರುವ ಮೊದಲೇ. ಅಲ್ಲಿನ ಎಂಜಿನಿಯರ್‌ಗಳಿಗೆ ಕಣ್ಣಿರಲಿಲ್ಲ ಅಂತಲ್ಲ. ಸಾವಿರಾರು ಜನ ಕೀಲಿ ವಾಚಿನ ಕೆಲಸ ಕಲಿತಿದ್ದರು, ಮೆಷಿನ್‌ಗಳೂ ಅದಕ್ಕೇ ಇದ್ದವು. ಸರ್ಕಾರಿ ಕಂಪನಿ ಬೇರೆ. ಕಂಡಿದ್ದರ ಕಡೆಗೆ ಇಡೀ ಸಂಸ್ಥೆಯನ್ನು ತಿರುಗಿಸಲು ಆಗಲಿಲ್ಲ. ಫಿಲ್ಮ್ ರೋಲ್ ಮಾರುತ್ತಿದ್ದ ಕೊಡಾಕ್ ಕಂಪನಿಯ ಕಥೆಯೂ ಇದೇ. ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ಅವರ ಎಂಜಿನಿಯರೇ ಮಾಡಿದ್ದು. 2012ರಲ್ಲಿ ದಿವಾಳಿ ಅರ್ಜಿ ಹಾಕಿದರು. ಕಾಣುವುದು ಸುಲಭ. ಅದಕ್ಕಾಗಿ ಇವತ್ತು ಚೆನ್ನಾಗಿ ನಡೆಯುತ್ತಿರುವುದನ್ನು ಕಡಿಮೆ ಮಾಡುತ್ತೇವೆ ಅನ್ನುವುದೇ ಕಷ್ಟ.

ಕೀಲಿಗಡಿಯಾರ

ಇದು ಸರಿಯಾದ ಮಾತು. ಒಪ್ಪಿದೆ.

ಪಿಗ್ಮಿ ಪಾಸ್‌ಬುಕ್

ಉಡುಪಿಯಿಂದ ಒಂದು ಸಣ್ಣ ಮಾತು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಇಲ್ಲೇ ಹುಟ್ಟಿದ್ದು. 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ. ದಿನಾ ದುಡಿಯುವವನು ದಿನಾ ಉಳಿಸಬೇಕು ಅಂದರೆ ಬ್ಯಾಂಕೇ ಅವನ ಹತ್ತಿರ ಹೋಗಬೇಕು ಅನ್ನುವ ಲೆಕ್ಕ. ಅರ್ಧ ಲೀಟರ್ ಹಾಲು ಹಾಕುವವಳನ್ನೂ ಸದಸ್ಯೆ ಮಾಡಿಕೊಳ್ಳುವ ನಿಮ್ಮ ಸಂಘವೂ ಅದೇ ದಾರಿಯದ್ದು.

ನಡಾವಳಿ

ನಾನು ಸಹಕಾರ ಇಲಾಖೆಯಲ್ಲಿದ್ದು ನಿವೃತ್ತಿಯಾದವನು. ಅಮ್ಮಾ, ಬೋನಸ್ ಜಗಳದ ಬಗ್ಗೆ ಮೊದಲು ಹೇಳುತ್ತೇನೆ. ಲಾಭ ಅಷ್ಟನ್ನೂ ಹಂಚಲು ಕಾಯ್ದೆಯಲ್ಲೇ ಅವಕಾಶ ಇಲ್ಲ. ನಿವ್ವಳ ಲಾಭದಲ್ಲಿ ನಾಲ್ಕನೇ ಒಂದು ಭಾಗ ಕಾಯ್ದಿಟ್ಟ ನಿಧಿಗೆ ಹೋಗಲೇಬೇಕು. ಉಳಿದಿದ್ದರ ಬಗ್ಗೆ ನಿಮ್ಮ ಬೈಲಾ ನೋಡಿ. ಎಷ್ಟು ಬೋನಸ್, ಎಷ್ಟು ಬೇರೆ ಕೆಲಸಕ್ಕೆ ಅಂತ ತೀರ್ಮಾನ ಆಗಬೇಕಾದದ್ದು ಸರ್ವಸದಸ್ಯರ ಸಭೆಯಲ್ಲಿ. ಆ ಸಿಟ್ಟನ್ನು ನೀವೊಬ್ಬರೇ ಹೊರಬೇಕಾಗಿಲ್ಲ.

ಇನ್ನೊಂದು ವಿಷಯ. ಎಷ್ಟೋ ಒಳ್ಳೆಯ ಅಧ್ಯಕ್ಷರನ್ನು ನೋಡಿದ್ದೇನೆ. ಅವರ ಯೋಚನೆಯೆಲ್ಲ ಅವರ ತಲೆಯಲ್ಲೇ ಇತ್ತು. ಚುನಾವಣೆ ಸೋತ ದಿನ ಅದೂ ಮನೆಗೆ ಹೋಯಿತು. ಹೊಸಬರು ಬಂದು ಮತ್ತೆ ಒಂದರಿಂದ ಶುರು. ನೀವು ಏನನ್ನೇ ಗುರಿ ಅಂತ ಇಟ್ಟುಕೊಳ್ಳಿ, ಅದನ್ನು ಸರ್ವಸದಸ್ಯರ ಸಭೆಯಲ್ಲಿ ಚರ್ಚೆ ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಆಗ ಅದು ಸಂಘದ್ದಾಗುತ್ತದೆ.

ಮೀಟಿಂಗ್ ರೂಮು

ನಾನು ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿದ್ದೇನೆ. ನಮ್ಮಲ್ಲಿ ಪ್ರತಿ ಲಿಫ್ಟಿನ ಪಕ್ಕದಲ್ಲೂ ದೂರದೃಷ್ಟಿಯ ಫಲಕ ಇದೆ. ನಮ್ಮ ಟೀಮಿನ ಹನ್ನೊಂದು ಜನರಿಗೆ ಕೇಳಿದೆ, ಒಬ್ಬರಿಗೂ ನೆನಪಿರಲಿಲ್ಲ. ಹಿಂದಿನ ಮ್ಯಾನೇಜರ್ ಮಾತ್ರ ಒಂದೇ ಮಾತು ಹೇಳುತ್ತಿದ್ದರು: "ಗ್ರಾಹಕ ಎರಡನೇ ಸಲ ಫೋನ್ ಮಾಡುವ ಹಾಗೆ ಆಗಬಾರದು." ಅದು ಇವತ್ತಿಗೂ ನೆನಪಿದೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಅವರನ್ನು ಕೇಳದೆಯೇ ಗೊತ್ತಾಗುತ್ತಿತ್ತು.

ಕಡಸು

ಅಕ್ಕ, ನೀವು ಬರೆದ ಅಂಕಿಯಲ್ಲೇ ಉತ್ತರ ಇದೆ. ಯಾರೂ ನೋಡಿಲ್ಲ. ಹಾಲು ಹಾಕುವವರು 131 ಇದ್ದದ್ದು 97 ಆಗಿದ್ದಾರೆ. ನೀವು ಕಟ್ಟಡ, ಬೋನಸ್ ಅಂತ ಮಾತಾಡುತ್ತಿದ್ದೀರಿ. ಹತ್ತು ವರ್ಷ ಬಿಟ್ಟು ಆ ಕಟ್ಟಡಕ್ಕೆ ಹಾಲು ತರುವವರು ಯಾರು? ಈಗ ಹಾಕುವವರ ವಯಸ್ಸೆಷ್ಟು?

ಹೆಣ್ಣು ಕರು ಹುಟ್ಟಿದರೆ ಅದು ಕಡಸಾಗಿ, ಗಬ್ಬವಾಗಿ, ಹಾಲು ಕೊಡಲು ಎರಡೂವರೆ, ಮೂರು ವರ್ಷ ಬೇಕು. ಅಷ್ಟು ದಿನ ಸುಮ್ನೆ ಮೇವು ಹಾಕಿ ಸಾಕುತ್ತೇವೆ. ಹಸು ಸಾಕುವವರಿಗೆ ಮುಂದಿನದು ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಮಾಡುವುದನ್ನೇ ಸಂಘದಲ್ಲೂ ಮಾಡಿ.

ಹಟ್ಟಿಬಾಗಿಲು

@ಕಡಸು ನಿಮ್ಮ ಪ್ರಶ್ನೆ ಓದಿ ನಿನ್ನೆ ಸಂಜೆ ಹಾಲು ಅಳೆಯುವಾಗ ಪುಸ್ತಕ ಹಿಡಿದು ಕೂತೆ. ಮನೆ ಮನೆಯ ವಿಷಯ ನಮಗೆ ಗೊತ್ತಿರುತ್ತದಲ್ಲ. 97ರಲ್ಲಿ 61 ಜನ ಐವತ್ತು ದಾಟಿದವರು. ಮೂವತ್ತೈದರ ಒಳಗಿನವರು ಒಂಬತ್ತು ಜನ. ಹೋದ ಎರಡು ವರ್ಷದಲ್ಲಿ ಹಸು ಮಾರಿದವರು ಹದಿನಾರು ಮನೆ. ಇದನ್ನು ಬರೆಯುವಾಗ ಎದೆ ಭಾರ ಆಗುತ್ತಿದೆ. ನಾವು ಒಂದೂವರೆ ತಿಂಗಳಿಂದ ಬೋನಸ್ ಬಗ್ಗೆ ಜಗಳ ಆಡುತ್ತಿದ್ದೇವೆ.

ಕ್ಯಾನ್‌ಗಾಡಿ

ನಮ್ಮಲ್ಲೂ ಇದೇ ಕಥೆ ಅಕ್ಕ. ಹಾಲಿನ ರೇಟು ಸಾಲದು, ಅದಕ್ಕೇ ಬಿಡುತ್ತಾರೆ. ಸರ್ಕಾರದ ಪ್ರೋತ್ಸಾಹಧನ ಸೇರಿದರೂ ಹಿಂಡಿ ಬೆಲೆಗೆ ಸಾಟಿ ಆಗಲ್ಲ. ರೇಟು ನಮ್ಮ ಕೈಯಲ್ಲಿಲ್ಲ.

ಊರುಬಿಟ್ಟವಳು

ಇಲ್ಲ ಅಣ್ಣ, ರೇಟು ಒಂದೇ ಅಲ್ಲ. ನಾನು ಹಾಗೆ ಬಿಟ್ಟು ಬಂದವಳು, ಹೇಳುತ್ತೇನೆ ಕೇಳಿ.

ನಮ್ಮ ಮನೆಯಲ್ಲಿ ನಾಲ್ಕು ಹಸು. ನನ್ನ ಓದು, ಅಕ್ಕನ ಮದುವೆ ಎಲ್ಲ ಆಗಿದ್ದು ಆ ಹಾಲಿನಿಂದಲೇ. ಆದರೆ ನಮ್ಮಮ್ಮ ಹನ್ನೆರಡು ವರ್ಷದಿಂದ ಒಂದು ರಾತ್ರಿಯೂ ಬೇರೆ ಊರಲ್ಲಿ ಮಲಗಿಲ್ಲ. ಅವರ ಸ್ವಂತ ತಮ್ಮನ ಮದುವೆಗೆ ಧಾರೆ ಹೊತ್ತಿಗೆ ಬಂದು, ಊಟಕ್ಕೂ ನಿಲ್ಲದೆ, ಮೂರು ಗಂಟೆ ಬಸ್ಸಿಗೆ ವಾಪಸ್ ಹೋದರು. ಸಂಜೆ ಹಾಲು ಕರೆಯಬೇಕಿತ್ತು. ನನ್ನ ಹೆರಿಗೆಗೂ ಅಷ್ಟೇ. ಬೆಳಿಗ್ಗೆ ಬಂದು ಮಗುವಿನ ಮುಖ ನೋಡಿ ಸಂಜೆಗೆ ಹೊರಟರು. ಆಸ್ಪತ್ರೆಯ ಕಿಟಕಿಯಿಂದ ಅವರು ಆಟೋ ಹತ್ತುವುದನ್ನು ನೋಡುತ್ತಾ ಅತ್ತಿದ್ದೇನೆ. ಅವತ್ತೇ ಅಂದುಕೊಂಡೆ, ನಾನು ಹಸು ಸಾಕಲ್ಲ ಅಂತ.

ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟಿದ್ದರೆ ನಾನು ಊರಲ್ಲಿ ಉಳಿಯುತ್ತಿರಲಿಲ್ಲ. ಆದರೆ ವರ್ಷಕ್ಕೆ ಹತ್ತು ದಿನ ಹಸುವನ್ನು ನಂಬಿಕೆಯಿಂದ ಬಿಟ್ಟು ಹೋಗಲು ಆಗುವ ಹಾಗಿದ್ದರೆ? ನಿಜವಾಗಿ ಯೋಚನೆ ಮಾಡುತ್ತಿದ್ದೆ. ಹಸು ಇದ್ದರೂ ಮದುವೆಗೆ ಹೋಗಿ ಎರಡು ದಿನ ಉಳಿದು ಬರಬಹುದಾದ ಊರು. ನಿಮ್ಮ ಸಂಘ ಅಂಥ ಊರು ಮಾಡಿದರೆ ನಾನು ಬಂದು ನೋಡುತ್ತೇನೆ ಅಕ್ಕ.

ಮೀಟಿಂಗ್ ರೂಮು

ಇದು ಬೋರ್ಡಿಗೆ ಬರೆಸಿ. ಇದು ನೆನಪಿರುತ್ತದೆ.

ಗದಗಿನ ಗಾಳಿ

ನಮ್ಮವ್ವನೂ ಹಿಂಗ. ಓದಿ ಕಣ್ಣಾಗ ನೀರು ಬಂತು.

ಕ್ಯಾನ್‌ಗಾಡಿ

ತಂಗಿ, ಹದಿನಾಲ್ಕು ವರ್ಷದಲ್ಲಿ ನನಗೆ ಇದು ಹೊಳೆದೇ ಇರಲಿಲ್ಲ. ನನ್ನ ಹೆಂಡತಿಯೂ ಹಾಗೇ ಇದ್ದಾಳೆ. ಆದರೂ ಕೇಳುತ್ತೇನೆ, ಮಾಡುವುದು ಹೇಗೆ? ಹೊಸ ಕೈಗೆ ಹಸು ಹಾಲು ಇಳಿಸುವುದಿಲ್ಲ. ಒದೆಯುತ್ತದೆ. ಬೇರೆಯವರನ್ನು ಕೊಟ್ಟಿಗೆಗೆ ಬಿಡಲು ನಮ್ಮ ಹೆಂಗಸರು ಒಪ್ಪಬೇಕಲ್ಲ.

ಕೆಚ್ಚಲುವೈದ್ಯ

ನಾನು ಪಶುವೈದ್ಯ. ಇದು ಆಗುವ ಕೆಲಸವೇ, ಆದರೆ ಎರಡು ಎಚ್ಚರ ಬೇಕು. ಬದಲಿ ಕರೆಯುವವರು ಮನೆಯವರು ಹೊರಡುವ ದಿನವೇ ಮೊದಲ ಸಲ ಬರಬಾರದು. ನಾಲ್ಕೈದು ದಿನ ಮೊದಲೇ ಮನೆಯವರ ಜೊತೆ ಕೂತು ಕರೆಯಬೇಕು. ಹಸು ಕೈ, ದನಿ, ಹೊತ್ತು ಎಲ್ಲ ಗುರುತಿಡುತ್ತದೆ. ಎರಡನೆಯದು ಕೆಚ್ಚಲು ಬಾವು. ಒಬ್ಬರೇ ಮನೆ ಮನೆ ತಿರುಗಿ ಕರೆದರೆ, ಅಥವಾ ಒಂದೇ ಮೆಷಿನ್ ಐದು ಕೊಟ್ಟಿಗೆಗೆ ಹೋದರೆ, ರೋಗವೂ ಜೊತೆಗೇ ಹೋಗುತ್ತದೆ. ಪ್ರತಿ ಹಸುವಿಗೆ ಮೊದಲು ಕೈ ತೊಳೆಯಬೇಕು, ಕೆಚ್ಚಲು ಒರೆಸಲು ಬೇರೆ ಬೇರೆ ಬಟ್ಟೆ, ಕರೆದ ಮೇಲೆ ಮೊಲೆತೊಟ್ಟನ್ನು ಔಷಧದಲ್ಲಿ ಅದ್ದಬೇಕು. ಬಾವು ಇರುವ ಹಸುವನ್ನು ಕೊನೆಯಲ್ಲಿ ಕರೆಯಬೇಕು. ಊರಿನ ಇಬ್ಬರು, ಮೂವರು ಹುಡುಗಿಯರಿಗೆ ಇದನ್ನು ಕಲಿಸಿದರೆ ಅವರಿಗೂ ಕೆಲಸ.

ನಡಾವಳಿ

ಸಂಬಳ ಕೊಡಲು ಸಂಘದ ದುಡ್ಡು ಬಳಸುವುದಾದರೆ ಬಜೆಟ್‌ನಲ್ಲಿ ಸೇರಿಸಿ ಮಂಜೂರು ಮಾಡಿಸಿಕೊಳ್ಳಿ. ಆಡಿಟ್‌ನಲ್ಲಿ ಆಕ್ಷೇಪ ಬರಬಾರದು. ಮೊದಲ ವರ್ಷ ಸಣ್ಣದಾಗಿ ಶುರು ಮಾಡಿ.

ಕೋಲಾರದವ

ಬೋನಸ್ ಪೂರ್ತಿ ನಿಲ್ಲಿಸಬೇಡಿ ಅಕ್ಕ. ಹಬ್ಬಕ್ಕೆ ಸೀರೆ ತರುವ ದುಡ್ಡು ಅದು. ಕಾಯ್ದಿಟ್ಟ ನಿಧಿಗೆ ಹೋಗಿ ಉಳಿದಿದ್ದರಲ್ಲಿ ಮುಕ್ಕಾಲು ಹಂಚಿ, ಕಾಲು ಭಾಗ ಇದಕ್ಕೆ ಇಡಿ.

ಅಡಿಕೆಸಿಪ್ಪೆ

ಕಾಲು ಭಾಗ ಸಾಕಾಗುತ್ತಾ? ಅರ್ಧ ಇಡಬೇಕು. ಕ್ಯಾಂಪ್ಕೊ ಅರೆಮನಸ್ಸಿನಲ್ಲಿ ಕೊಕ್ಕೋ ಕೊಂಡಿದ್ದರೆ ಕಾರ್ಖಾನೆ ಬರುತ್ತಿತ್ತಾ?

ಕೋಲಾರದವ

ಇಬ್ಬರು ಹುಡುಗಿಯರಿಗೆ ಸಂಬಳ ಕೊಡಲು ಕಾರ್ಖಾನೆಯ ಲೆಕ್ಕ ಯಾಕೆ? ಜನ ಮೊದಲು ನಂಬಬೇಕು. ಒಂದು ಸಲ ಯಾರಾದರೂ ನೆಮ್ಮದಿಯಾಗಿ ಮದುವೆಗೆ ಹೋಗಿ ಬರಲಿ, ಮುಂದಿನ ವರ್ಷ ಅವರೇ ಅರ್ಧ ಇಡಿ ಅನ್ನುತ್ತಾರೆ.

ಹಟ್ಟಿಬಾಗಿಲು

ಎಲ್ಲರಿಗೂ ಕೈ ಮುಗಿಯುತ್ತೇನೆ. ತಂಗಿ @ಊರುಬಿಟ್ಟವಳು, ನಿಮ್ಮ ಮಾತನ್ನು ಇವತ್ತು ಬೆಳಿಗ್ಗೆ ಡೇರಿ ಮುಂದೆ ಕ್ಯೂ ನಿಂತಿದ್ದವರಿಗೆ ಓದಿ ಹೇಳಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಕಟ್ಟಡ ಬೇಕು ಅಂತ ಜೋರಾಗಿ ಜಗಳ ಆಡುತ್ತಿದ್ದವರೇ "ನಾನು ಮಗಳ ಮನೆ ನೋಡಿ ಆರು ವರ್ಷ ಆಯ್ತು" ಅಂದರು.

ಹಳೇ ಹಾಳೆ ಹರಿದೆ. ಹೊಸದರಲ್ಲಿ ಹೀಗೆ ಬರೆದಿದ್ದೇನೆ: "ನಮ್ಮೂರಲ್ಲಿ ಹಸು ಕಟ್ಟಿದ ಯಾವ ಹೆಂಗಸೂ ಊರು ಬಿಟ್ಟು ಎರಡು ದಿನ ಹೋಗಿ ಬರಬಹುದು." ಮುಂದಿನ ತಿಂಗಳ ಸರ್ವಸದಸ್ಯರ ಸಭೆಗೆ ಇಡುತ್ತೇನೆ. ನಡಾವಳಿ ಸರ್ ಹೇಳಿದ ಹಾಗೆ ಪುಸ್ತಕದಲ್ಲಿ ಬರೆಸುತ್ತೇನೆ. ಬೋನಸ್ ಮುಕ್ಕಾಲಾ ಅರ್ಧವಾ ಅಂತ ಅಲ್ಲೇ ಕೇಳುತ್ತೇನೆ.

ಅತ್ತೆಗೂ ಓದಿ ಹೇಳಿದೆ. ಈ ಸಲ ಗೋಡೆಯ ಮಾತು ಬರಲಿಲ್ಲ. "ಧರ್ಮಸ್ಥಳಕ್ಕೆ ಹರಕೆ ಒಂದು ಬಾಕಿ ಇದೆ" ಅಂದರು.

ಡಾಕ್ಟ್ರೇ, ಒಂದು ಅನುಮಾನ. ನಮ್ಮ ಕೆಂದ ಹಸು ಅತ್ತೆ ಬಿಟ್ಟರೆ ನನ್ನ ಕೈಗೂ ಸರಿಯಾಗಿ ಹಾಲು ಇಳಿಸುವುದಿಲ್ಲ. ಅದಕ್ಕೆ ನಾಲ್ಕೈದು ದಿನ ಸಾಕಾಗುತ್ತಾ?

ಕೆಚ್ಚಲುವೈದ್ಯ

ಅಂಥ ಹಸುವಿಗೆ ಹತ್ತು ದಿನ ಬೇಕಾಗಬಹುದು. ಮೊದಲ ಮೂರು ದಿನ ಹೊಸಬರು ಮೇವು ಮಾತ್ರ ಹಾಕಲಿ, ಮೈ ತಿಕ್ಕಲಿ, ಕೆಚ್ಚಲಿಗೆ ಕೈ ಹಾಕುವುದು ಬೇಡ. ಆಮೇಲೆ ಅತ್ತೆ ಪಕ್ಕದಲ್ಲಿ ನಿಂತು ಮಾತಾಡುತ್ತಿರಲಿ, ಕರೆಯುವುದು ಹೊಸಬರು. ಹರಕೆಯ ದಿನ ಗೊತ್ತು ಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಿ ಶುರು ಮಾಡಿ.